ಸಿಡಿಯೊಳಗೆ ಉಳಿದ ಕೆರೆಗಳು

ಅಪ್ಪ ಶಿಡ್ಲಘಟ್ಟದಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ, 2002ರಿಂದ ಮೂರು ವರ್ಷ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಳ್ಳಿ ಹಳ್ಳಿ ತಿರುಗಿ ನೀರುಗಂಟಿಗಳನ್ನು ಮಾತಾಡಿಸಿದರು. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುತ್ತಿದ್ದವರು ಅವರು. ಕೆರೆ ತುಂಬುವುದು ಅಪರೂಪವಾಗಿ, ಎಲ್ಲರೂ ಕೊಳವೆಬಾವಿ ಕೊರೆಸಿದ ಮೇಲೆ ಅವರ ಕೆಲಸ ಹೋಯಿತು. ನೆನಪು ಇನ್ನೂ ಇತ್ತು. ಅಪ್ಪ ಅದನ್ನು ಬರೆದುಕೊಂಡು ಬಂದು, ಟೈಪು ಮಾಡಿಸಿ, ಮೂರು ಸಿಡಿಗಳಲ್ಲಿ ತುಂಬಿಸಿಟ್ಟರು. ಆಮೇಲೆ ಕೈಬರಹದ ಪುಸ್ತಕಗಳನ್ನು ಯಾರೂ ಜೋಪಾನ ಮಾಡಲಿಲ್ಲ. ಗೆದ್ದಲು ತಿಂದಿತು. ಅಪ್ಪ ಮಾತಾಡಿಸಿದ ಮುದುಕರಲ್ಲಿ ಈಗ ಹೆಚ್ಚಿನವರು ಇಲ್ಲ.

ಅಪ್ಪನಿಗೆ ದಾರಿ ತೋರಿಸಿದ್ದು ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟ. 1905ರ ಪುಸ್ತಕ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ನಮ್ಮ ನಾಲ್ಕೂ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಕೆರೆ ಕಟ್ಟಿಸಿದವರಿಗೆ ಬಿಟ್ಟುಕೊಟ್ಟ ಕಟ್ಟುಕೊಡಗಿ ಭೂಮಿಯ ವಿವರವೂ ಸಿಗುತ್ತದೆ. ಆ ಪುಸ್ತಕವನ್ನು ನಾನು ಇವತ್ತೂ ಬಿಚ್ಚಿ ಓದಬಲ್ಲೆ. ಅದಕ್ಕಿಂತ ನೂರು ವರ್ಷ ಚಿಕ್ಕದಾದ ಅಪ್ಪನ ಸಿಡಿಗಳನ್ನು ಓದಲು ನನಗೆ ಎರಡು ತಿಂಗಳು ಬೇಕಾಯಿತು.

ಸಿಡಿಯಲ್ಲಿದ್ದದ್ದು 'ಕೋಲಾರ' ಎಂಬ ಹೆಸರಿನ ಒಂದೇ ಒಂದು ದೊಡ್ಡ ಕಡತ. (ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ ತಾನೆ!) ಹೆಸರಿನ ಬಾಲದಲ್ಲಿ ಬಿಕೆಎಫ್ ಎಂದಿತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆಗೇ ಬರುತ್ತಿದ್ದ ಬ್ಯಾಕಪ್ ತಂತ್ರಾಂಶ ಹೀಗೆ ಎಲ್ಲವನ್ನೂ ಒಂದೇ ಗಂಟು ಕಟ್ಟುತ್ತಿತ್ತು. ಅದರ ವಿನ್ಯಾಸ ಮೂಲದಲ್ಲಿ ಮ್ಯಾಗ್ನೆಟಿಕ್ ಟೇಪಿಗಾಗಿ ಮಾಡಿದ್ದು. ಮುಂದಿನ ವಿಸ್ತಾದಲ್ಲಿ ಆ ತಂತ್ರಾಂಶವೇ ಇರಲಿಲ್ಲ. ಹಳೆಯ ಗಂಟು ಬಿಚ್ಚುವುದಕ್ಕಷ್ಟೇ ಬೇರೆ ಒಂದು ಉಪಕರಣ ಸ್ವಲ್ಪ ಕಾಲ ಸಿಗುತ್ತಿತ್ತು. ನನ್ನ ಲ್ಯಾಪ್‌ಟಾಪಿಗೆ ಆ ಕಡತ ಏನೆಂದೇ ತಿಳಿಯಲಿಲ್ಲ.

ಕೊನೆಗೆ ನೆರವಾದದ್ದು ಶಿಡ್ಲಘಟ್ಟದಲ್ಲಿ ಮದುವೆ ಕರೆಯೋಲೆ ಟೈಪು ಮಾಡುವ ಒಂದು ಅಂಗಡಿ. ಅಲ್ಲಿ ಮೂಲೆಯಲ್ಲಿ, ಇಂಟರ್ನೆಟ್ಟಿನ ಸಹವಾಸವಿಲ್ಲದೆ, ಒಂದು ಎಕ್ಸ್‌ಪಿ ಯಂತ್ರ ಇನ್ನೂ ಓಡುತ್ತಿತ್ತು. ಎರಡು ಸಿಡಿಗಳ ಗಂಟು ಅರ್ಧ ಗಂಟೆಯಲ್ಲಿ ಬಿಚ್ಚಿಕೊಂಡಿತು. ಮೂರನೆಯದರ ಮೇಲ್ಪದರ ಎದ್ದುಬಂದಿತ್ತು, ಯಂತ್ರ ಅದನ್ನು ಒಳಗೆ ತೆಗೆದುಕೊಂಡು ಗಿರಗಿರ ತಿರುಗಿಸಿ ಹೊರಗೆ ಹಾಕಿತು.

ಸಂತೋಷದಿಂದ ಕಡತಗಳನ್ನು ಮನೆಗೆ ತಂದು ತೆರೆದರೆ ಕನ್ನಡವೇ ಇಲ್ಲ! ಪಿ ಅಕ್ಷರ, ತಲೆಯ ಮೇಲೆ ಗೀಟಿರುವ ಇ, ಜಿ, ಮತ್ತೆ ಅದೇ ಇ. ಪುಟ ಪುಟವೂ ಹೀಗೆ. ನಡುನಡುವೆ ಇಂಗ್ಲೆಂಡಿನ ಪೌಂಡ್ ಚಿಹ್ನೆ. ಆ ನಾಲ್ಕು ಅಕ್ಷರಗಳೇ 'ಕೆರೆ' ಎಂದು ತಿಳಿಯಲು ಸ್ವಲ್ಪ ಹೊತ್ತಾಯಿತು.

ಇದು ಕನ್ನಡ ಗಣಕದ ಒಂದು ಇಡೀ ಕಾಲದ ಕಥೆ. ಶ್ರೀಲಿಪಿ, ಆಕೃತಿ, ಪ್ರಕಾಶಕ್, 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಇವೆಲ್ಲ ಮೊದಲಿಗೆ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪವನ್ನು ಹೊದಿಸಿದವು. ಕಡತದಲ್ಲಿ ಕೂತಿರುವುದು ಪಿ. ನುಡಿ ಫಾಂಟು ಅದನ್ನು 'ಕ'ದ ಆಕಾರದಲ್ಲಿ ತೋರಿಸುತ್ತದೆ. ಫಾಂಟು ತೆಗೆದರೆ ಕನ್ನಡ ಹೋಯಿತು. ಹಾಗೆಂದು ಆ ತಂತ್ರಾಂಶಗಳನ್ನು ಹಳಿಯುವುದು ಸರಿಯಲ್ಲ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು, ನಿಜ. ಆದರೆ ಟುಂಗಾ ಫಾಂಟು ವಿಂಡೋಸಿನೊಳಗೆ ಬಂದದ್ದು ಹತ್ತು ವರ್ಷದ ನಂತರ, ಎಕ್ಸ್‌ಪಿಯ ಕಾಲಕ್ಕೆ. ಅಲ್ಲಿಯವರೆಗೆ ಕನ್ನಡದ ಪುಸ್ತಕಗಳು, ಪತ್ರಿಕೆಗಳು ಈ ಹೊದಿಕೆಯಿಂದಲೇ ಅಚ್ಚಾಗಬೇಕಿತ್ತು.

ನುಡಿ ಮತ್ತು ಬರಹದ ಸಂಕೇತಗಳು ಬಹುಮಟ್ಟಿಗೆ ಒಂದೇ ಆದ್ದರಿಂದ ಪರಿವರ್ತಕಗಳಿವೆ. ಅರವಿಂದ ವಿ.ಕೆ. ಅವರು ಮುಕ್ತ ತಂತ್ರಾಂಶವಾಗಿ ಕೊಟ್ಟಿರುವುದನ್ನು ನಾನು ಬಳಸಿದೆ. ಪಿ ಬಂದಲ್ಲಿ 'ಕ' ಇಡುವಷ್ಟು ಸುಲಭದ ಕೆಲಸ ಅಲ್ಲ ಅದು. 'ಕರ್ನಾಟಕ' ಎನ್ನುವಾಗ ಹಳೆಯ ಕಡತದಲ್ಲಿ ಮೊದಲು 'ನಾ', ಅದರ ಹಿಂದೆ ಅರ್ಕಾವತ್ತು, ನಾವು ಕೈಯಲ್ಲಿ ಬರೆಯುವ ಕ್ರಮದಲ್ಲೇ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮ. ರೇಫ ಮೊದಲು ಬರಬೇಕು. ಪರಿವರ್ತಕ ಒಂದೊಂದು ಅರ್ಕಾವತ್ತನ್ನೂ ಎತ್ತಿ ಮುಂದಕ್ಕೆ ಕೂರಿಸಬೇಕು.

ಕನ್ನಡವೇನೋ ಮರಳಿತು. ಕರಡು ತಿದ್ದಲು ಬೆಂಗಳೂರಿನಲ್ಲಿ ಬೆಳೆದ ನನ್ನ ತಂಗಿಯ ಮಗಳಿಗೆ ಕಳಿಸಿದೆ. ಅವಳು 'ಚೆರುವು' ಎಂದಿದ್ದ ಕಡೆಯಲ್ಲೆಲ್ಲ ಒಂದೇ ಏಟಿಗೆ 'ಚೆಲುವು' ಎಂದು ಮಾಡಿ ಕಳಿಸಿದಳು. ಅಪ್ಪನಿಗೆ ಓದಿ ಹೇಳುತ್ತಿದ್ದಾಗ ಅವರು ತಡೆದರು. "ನಿಲ್ಲು ನಿಲ್ಲು. ಆ ಅಜ್ಜ ಚೆಲುವಿನ ಮಾತು ಆಡಲಿಲ್ಲ ಕಣೋ. ಚೆರುವು ಅಂದ, ತೆಲುಗಲ್ಲಿ. ಅವನು ಹೇಳಿದ ಹಾಗೇ ಇರಲಿ." ನಮ್ಮ ಸೀಮೆಯಲ್ಲಿ ಅರ್ಧ ಮಾತು ತೆಲುಗು, ಅಪ್ಪ ಅದನ್ನು ಕನ್ನಡ ಲಿಪಿಯಲ್ಲಿ ಹಾಗೇ ಬರೆಸಿದ್ದರು. ಪುಣ್ಯಕ್ಕೆ ಪರಿವರ್ತಿಸಿದ ಮೂಲ ಪ್ರತಿ ನನ್ನ ಬಳಿ ಬೇರೆ ಇತ್ತು.

ಕೆಟ್ಟುಹೋದ ಮೂರನೆಯ ಸಿಡಿ ಗೌರಿಬಿದನೂರಿನದು. ಇದರಲ್ಲೊಂದು ವಿಪರ್ಯಾಸವಿದೆ. ಆ ಊರಿನ ಹತ್ತಿರವೇ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1970ರ ದಶಕದಲ್ಲಿ ಇಂಗ್ಲಿಷಿನ ಟಿ ಆಕಾರದಲ್ಲಿ ಒಂದು ರೇಡಿಯೋ ದೂರದರ್ಶಕ ಕಟ್ಟಿದವು. ಪೂರ್ವ-ಪಶ್ಚಿಮವಾಗಿ ಸುಮಾರು 1.4 ಕಿ.ಮೀ. ಚಾಚಿದ ಆಂಟೆನಾ ಸಾಲು ಅದು. ದ್ವಾರಕಾನಾಥ್ ಮತ್ತು ಉದಯಶಂಕರ್ ಅದರಿಂದ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ಮಾಡಿ 1990ರಲ್ಲಿ ಪ್ರಕಟಿಸಿದರು. ಅಪ್ಪನ ಸಿಡಿಗಿಂತ ಹಳೆಯದಾದ ಆ ನಕ್ಷೆಯನ್ನು ನಾಸಾದ ಸ್ಕೈವ್ಯೂನಿಂದ ಫಿಟ್ಸ್ ಕಡತವಾಗಿ ಇಳಿಸಿಕೊಂಡೆ, ತಕ್ಷಣ ತೆರೆಯಿತು. ಫಿಟ್ಸ್ ಖಗೋಳಜ್ಞರು 1981ರಲ್ಲಿ ಪ್ರಕಟಿಸಿದ ವಿನ್ಯಾಸ. ಪ್ರತಿ ಕಡತದ ತಲೆಯಲ್ಲೂ 80 ಅಕ್ಷರದ ಸಾದಾ ಸಾಲುಗಳಿರುತ್ತವೆ, ಪಂಚ್ ಕಾರ್ಡಿನ ಕಾಲದ ಅಳತೆ. ಒಳಗಿನ ಅಂಕಿಗಳು ಯಾವ ಬಗೆಯವು, ಎಷ್ಟು ಸಾಲು, ಎಷ್ಟು ಕಂಬ ಎಂದೆಲ್ಲ ಅಲ್ಲೇ ಬರೆದಿರುತ್ತದೆ. ಹಳೆಯ ಫಿಟ್ಸ್ ಕಡತವನ್ನು ಮುಂದೆಂದೂ ಅಸಿಂಧು ಮಾಡಬಾರದೆಂಬುದು ಅವರು ಹಾಕಿಕೊಂಡ ಕಟ್ಟುಪಾಡು.

ನಾನೂ ಅಪ್ಪನ ಬರಹಗಳನ್ನು ಸಾದಾ ಪಠ್ಯವಾಗಿ ಉಳಿಸಿ, ಪ್ರತಿಯೊಂದರ ತಲೆಯಲ್ಲಿ ನಾಲ್ಕು ಸಾಲು ಸೇರಿಸಿದೆ: ಯಾವ ಊರು, ಯಾವ ವರ್ಷ, ಮೂಲ ನುಡಿ ಫಾಂಟಿನದು, ತೆಲುಗು ಮಾತುಗಳನ್ನು ತಿದ್ದಬಾರದು. ಒಂದೊಂದು ಪ್ರತಿ ಅಚ್ಚು ಹಾಕಿಸಿಯೂ ಇಟ್ಟಿದ್ದೇನೆ.

ಗೌರಿಬಿದನೂರಿನದನ್ನು ಅಪ್ಪ ಈಗ ಸಂಜೆ ಹೊತ್ತು ನೆನಪಿನಿಂದ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಒಮ್ಮೊಮ್ಮೆ ಒಂದು ಕೆರೆಯ ಕೋಡಿಯನ್ನು ಇನ್ನೊಂದಕ್ಕೆ ಸೇರಿಸಿಬಿಡುತ್ತಾರೆ, ಮಾರನೆಯ ದಿನ ಅವರೇ ತಿದ್ದುತ್ತಾರೆ. ಇಲ್ಲಿಯವರೆಗೆ ನಾಲ್ಕು ಊರು ಮುಗಿದಿವೆ.