ಮೂರು ಚಕ್ರದ ಮರ್ಯಾದೆ

ಮೂರು ಚಕ್ರದ ಸೈಕಲ್ ಅಂದಕೂಡಲೇ ನಮಗೆ ನೆನಪಾಗುವುದು ಓಣಿಯಲ್ಲಿ ಆಡುವ ಮಗು, ಇಲ್ಲವೇ ಹಳೇ ಹೈದರಾಬಾದಿನ ಗಲ್ಲಿಗಳಲ್ಲಿ ರಿಕ್ಷಾ ತುಳಿಯುತ್ತಿದ್ದ ಬಡವ. ವಯಸ್ಸಾದವರೊಬ್ಬರು ತಮ್ಮ ಸಂತೋಷಕ್ಕೆ ಅದನ್ನು ತುಳಿದರೆ ಜನ ನಕ್ಕಾರು.

ಆದರೆ 140 ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಲೆಕ್ಕ ತಿರುವುಮುರುವಾಗಿತ್ತು. ಮುಂದೆ ಆಳೆತ್ತರದ ಗಾಲಿಯಿದ್ದ ಎರಡು ಚಕ್ರದ ಸೈಕಲ್ ಹುಡುಗರ ಹುಚ್ಚು ಸಾಹಸ. ಮೂರು ಚಕ್ರದ್ದು ಹೆಂಗಸರ, ಹಿರಿಯರ, ಮರ್ಯಾದಸ್ಥರ ವಾಹನ. ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ರೂಪಿಸಿದ ಟ್ರೈಸಿಕಲ್ಲನ್ನು 1881ರಲ್ಲಿ ವಿಕ್ಟೋರಿಯಾ ರಾಣಿಯೇ ತರಿಸಿಕೊಂಡಳು. ತಿರುವಿನಲ್ಲಿ ಎರಡು ಗಾಲಿಗಳು ಬೇರೆಬೇರೆ ವೇಗದಲ್ಲಿ ಉರುಳಲೆಂದು ಅವನು ಟ್ರೈಸಿಕಲ್ಲಿಗೆ ಅಳವಡಿಸಿದ ಡಿಫರೆನ್ಷಿಯಲ್ ಗೇರ್ ಇವತ್ತು ನಮ್ಮ ಕಾರುಗಳಲ್ಲೂ ಇದೆ. 1885ರಲ್ಲಿ ಅವನ ಕುಟುಂಬದವನೇ ಆದ ಜಾನ್ ಕೆಂಪ್ ಸ್ಟಾರ್ಲಿ, ಹಿಂದಿನ ಗಾಲಿಗೆ ಚೈನು ಹಾಕಿದ ರೋವರ್ ಸೈಕಲ್ ತಂದ. ನಮ್ಮ ಇಂದಿನ ಸೈಕಲ್ಲಿನ ಮೂಲ ಅದು. ಮೂರು ಚಕ್ರ ಮೂಲೆ ಸೇರಿತು.

ಒರಗಿ ಕೂತು, ಕಾಲನ್ನು ಮುಂದಕ್ಕೆ ಚಾಚಿ ತುಳಿಯುವ ಸೈಕಲ್ಲಿನ ಕತೆ ಇನ್ನೂ ವಿಚಿತ್ರ. ಫ್ರಾನ್ಸಿನ ಶಾರ್ಲ್ ಮೋಶೆ ಅಂಥದೊಂದನ್ನು ಮಾಡಿದ. ಎರಡನೇ ದರ್ಜೆಯ ಸ್ಪರ್ಧಿಯೆನಿಸಿದ್ದ ಫ್ರಾನ್ಸಿಸ್ ಫೋರ್ 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಅದರ ಮೇಲೆ ಒಂದೇ ಗಂಟೆಯಲ್ಲಿ 45 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿ, 1914ರಿಂದ ಉಳಿದಿದ್ದ ದಾಖಲೆ ಮುರಿದ. ಮರುವರ್ಷ ಅಂತಾರಾಷ್ಟ್ರೀಯ ಸೈಕಲ್ ಒಕ್ಕೂಟ ಸೈಕಲ್ಲಿನ ವ್ಯಾಖ್ಯೆಯನ್ನೇ ಬಿಗಿಗೊಳಿಸಿ, ಒರಗುವ ಸೈಕಲ್ಲನ್ನು ಪಂದ್ಯಗಳಿಂದ ಹೊರಗಿಟ್ಟಿತು. ಪಂದ್ಯದಲ್ಲಿಲ್ಲದ್ದು ಅಂಗಡಿಯಲ್ಲೂ ಇಲ್ಲವಾಯಿತು. ಸುಮಾರು ನಾಲ್ಕು ದಶಕಗಳ ನಂತರ, 1970ರ ದಶಕದಲ್ಲಿ, ಹವ್ಯಾಸಿ ಎಂಜಿನಿಯರುಗಳು ಅದನ್ನು ಮತ್ತೆ ಕೈಗೆತ್ತಿಕೊಂಡರು. ಮುಂದೆ ಎರಡು, ಹಿಂದೆ ಒಂದು ಗಾಲಿಯ 'ವಿಂಡ್‌ಚೀಟಾ' ಎಂಬ ಟ್ರೈಕ್ ರೂಪಿಸಿದ ಇಂಗ್ಲೆಂಡಿನ ಮೈಕ್ ಬರೋಸ್ ಅಂಥವರಲ್ಲೊಬ್ಬ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ಲೋಟಸ್ ಸೈಕಲ್ಲಿನ ವಿನ್ಯಾಸದ ಹಿಂದೆಯೂ ಅವನೇ ಇದ್ದ.

ಈ ಇತಿಹಾಸದ ಬೆನ್ನು ಹತ್ತಲು ನನಗೆ ಕಾರಣವಾದದ್ದು ಅಪ್ಪ. ರಾಯಚೂರಿನಲ್ಲಿ ಮೂವತ್ತು ವರ್ಷ ಸೈಕಲ್ ಮೇಲೆ ಶಾಲೆಗೆ ಪಾಠ ಹೇಳಲು ಹೋಗಿಬಂದವರು. ಹೈದರಾಬಾದಿಗೆ ಬಂದಮೇಲೆ ಅದನ್ನು ಮುಟ್ಟಲಿಲ್ಲ. ಕೇಳಿದರೆ, "ತುಳಿಯಾಕ ಬರ್ತದಪ್ಪಾ, ಇಳಿಯಾಕ ಅಂಜಿಕಿ" ಅಂದರು. ಆ ಮಾತಿನಲ್ಲಿ ವಿಜ್ಞಾನವಿದೆ. ಸೈಕಲ್ ಓಡುವಾಗ ನೆಟ್ಟಗಿರುತ್ತದೆ, ನಿಧಾನವಾದಷ್ಟೂ ವಾಲಾಡುತ್ತದೆ. ವಯಸ್ಸಾದವರಿಗೆ ಕಾಲಿನ ಕಸುವಿಗಿಂತ ಮೊದಲು ಕೈಕೊಡುವುದು ಎಷ್ಟೋ ಸಲ ಈ ಸಮತೋಲದ ಭರವಸೆ.

ಒರಗುವ ಟ್ರೈಕ್ ನಿಂತಲ್ಲೇ ನಿಲ್ಲುತ್ತದೆ. ಬೆನ್ನಿಗೆ ಆಸರೆಯಿದೆ, ಮಣಿಕಟ್ಟು, ಕತ್ತುಗಳ ಮೇಲೆ ಭಾರವಿಲ್ಲ. ಏರಿನಲ್ಲಿ ಸಣ್ಣ ಗೇರಿಗೆ ಹಾಕಿ ನಡಿಗೆಯ ವೇಗದಲ್ಲಿ ಹತ್ತಬಹುದು, ದಣಿದರೆ ಅಲ್ಲೇ ಕೂತು ಸುಧಾರಿಸಿಕೊಳ್ಳಬಹುದು. ಗೇರು ಭಾರವಾದರೆ ಮಾತ್ರ ಮಂಡಿ ನೋಯುತ್ತದೆ. ಹಗುರವಾಗಿ, ಬೇಗಬೇಗ ತುಳಿಯಬೇಕು. ಕೆಳಗೆ ಕೂತವರು ಮೇಲೇಳಲು ಗಟ್ಟಿ ಹಿಡಿಕೆಯೂ ಬೇಕು. 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಜೊತೆಗೆ ವಾರದಲ್ಲಿ ಮೂರು ದಿನವಾದರೂ ಸಮತೋಲದ ಮತ್ತು ಬಲದ ಅಭ್ಯಾಸ ಮಾಡಬೇಕೆಂದೂ ಹೇಳಿದೆ. ಟ್ರೈಕ್ ಮೊದಲನೆಯದನ್ನು ಕೊಡುತ್ತದೆ, ಸಮತೋಲವನ್ನು ಕಲಿಸುವುದಿಲ್ಲ. ಅದಕ್ಕೆ ಗೋಡೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವುದು ತಪ್ಪದು.

ಕೊಂಡಾಪುರದ ಟ್ರಾಫಿಕ್ಕಿಗೆ ಇಷ್ಟು ತಗ್ಗಿನ ಗಾಡಿ ಇಳಿಸುವುದು ಬೇಡ. ಬಸ್ಸಿನ ಡ್ರೈವರಿಗೆ ಅದು ಕಾಣುವುದೇ ಇಲ್ಲ. ಆದರೆ ಹೊರವರ್ತುಲ ರಸ್ತೆಯ ಪಕ್ಕ, ನಾನಕ್‌ರಾಮ್‌ಗುಡ ಮತ್ತು ನಾರ್ಸಿಂಗಿ ಕಡೆ, 2023ರ ಅಕ್ಟೋಬರ್ 1ರಂದು 23 ಕಿ.ಮೀ. ಸೈಕಲ್ ಹಾದಿ ತೆರೆಯಿತು. ಮೇಲೆ ಸೌರಫಲಕಗಳ ಚಾವಣಿ, ಕೆಳಗೆ ನೆರಳು. ಇಂಥ ಗಾಡಿಗೆ ಹೇಳಿಮಾಡಿಸಿದ ಜಾಗ. ಟ್ರೈಕ್ ನಮ್ಮಲ್ಲಿ ದುಬಾರಿ, ಸುಲಭವಾಗಿ ಸಿಗದು ನಿಜ. ಜಿಮ್‌ಗಳಲ್ಲಿರುವ, ಒರಗಿ ತುಳಿಯುವ ನಿಂತ ಸೈಕಲ್ ಅದರದೇ ದಾಯಾದಿ. ಅಪ್ಪ ಈಗ ಅದರ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷ.

ನಮ್ಮಲ್ಲಿ ಅನೇಕರು ಊರಿನ ಹಿರಿಯರನ್ನು ಕರೆತಂದು ಹತ್ತನೇ ಮಹಡಿಯಲ್ಲಿ ಕೂರಿಸಿದ್ದೇವೆ. ಅಂಗಳ, ಸಂತೆ, ಸೈಕಲ್ ಎಲ್ಲವೂ ಒಂದೇ ಸಲ ಹೋದವು. ಯಾವುದು ಸೈಕಲ್, ಯಾವುದು ಅಲ್ಲ ಎಂದು 1934ರಲ್ಲಿ ತೀರ್ಮಾನಿಸಿದವರು ಗೆಲ್ಲುವ ಕಾಲುಗಳನ್ನಷ್ಟೇ ನೋಡಿದ್ದರು. ಮನೆಯಲ್ಲಿ ಆ ತೀರ್ಮಾನ ಮಾಡುವವರು ನಾವು.