ವೆಬ್‌ಸೈಟ್ ನಿಧಾನವೇ? ಮೊದಲು ಅಳತೆ, ಆಮೇಲೆ ರಿಪೇರಿ

ಸುದ್ದಿ ತಾಣವಿರಲಿ, ಶಾಲೆಯದಿರಲಿ, ರೈತರ ಕಂಪನಿಯದಿರಲಿ, ತಾಲ್ಲೂಕು ಮಟ್ಟದ ಸಣ್ಣ ವೆಬ್‌ಸೈಟುಗಳು ಬಹುತೇಕ ವರ್ಡ್‌ಪ್ರೆಸ್‌ನಂಥ ಸಿಎಂಎಸ್ ಮೇಲೆ ನಡೆಯುತ್ತವೆ. ಬರಹ, ಫೋಟೊಗಳನ್ನು ಜೋಡಿಸಿಟ್ಟುಕೊಂಡು, ಓದುಗರು ಕೇಳಿದಾಗ ಪುಟ ಕಟ್ಟಿಕೊಡುವ ತಂತ್ರಾಂಶಕ್ಕೆ ಸಿಎಂಎಸ್ ಎನ್ನುತ್ತಾರೆ. ತಾಣ ಶುರು ಮಾಡುವುದು ಒಂದು ದಿನದ ಕೆಲಸ. ಅದು ದಿನಾ ಸರಿಯಾಗಿ ತೆರೆದುಕೊಳ್ಳುತ್ತಿದೆಯೇ ಅಂತ ನೋಡಿಕೊಳ್ಳುವ ವ್ಯವಸ್ಥೆ ಮಾತ್ರ ಹೆಚ್ಚಿನವರಲ್ಲಿ ಇರುವುದಿಲ್ಲ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಸಾದಲಿ ಹೋಬಳಿಯ ರೇಷ್ಮೆ ಬೆಳೆಗಾರರಿಗೆ ಶಿಡ್ಲಘಟ್ಟ ಗೂಡಿನ ಮಾರುಕಟ್ಟೆಯ ಧಾರಣೆ ಬೇಕಾಗುವುದು ಆ ದಿನವೇ. ಗೂಡನ್ನು ಬಹಳ ದಿನ ಇಟ್ಟುಕೊಳ್ಳುವ ಹಾಗಿಲ್ಲ, ಚಿಟ್ಟೆ ಹೊರಗೆ ಬರುತ್ತದೆ. ಧಾರಣೆಯ ಪುಟ ತೆರೆಯದಿದ್ದರೆ ನಾಳೆ ತೆರೆದೂ ಪ್ರಯೋಜನವಿಲ್ಲ.

ಅಳೆಯುವುದು ಎಲ್ಲಿಂದ?

"ನಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗೇ ಬರ್ತಿದೆಯಲ್ಲ" ಎಂಬ ಮಾತು ಲೆಕ್ಕಕ್ಕೆ ಬರುವುದಿಲ್ಲ. ತಾಣ ನಡೆಸುವವರ ಬ್ರೌಸರ್ ಫೋಟೊ, ಫಾಂಟ್‌ಗಳನ್ನು ಮೊದಲೇ ಉಳಿಸಿಕೊಂಡಿರುತ್ತದೆ. ಅವರು ಲಾಗಿನ್ ಆಗಿದ್ದರೆ, ಕ್ಯಾಷ್ ಪ್ಲಗಿನ್‌ಗಳು ಸಾಮಾನ್ಯವಾಗಿ ಸಿದ್ಧ ಪುಟದ ಬದಲು ಹೊಸದಾಗಿ ಕಟ್ಟಿದ ಪುಟವನ್ನೇ ತೋರಿಸುತ್ತವೆ. ಅಂದರೆ ಅವರು ನೋಡುವ ಪುಟ ಓದುಗರು ನೋಡುವ ಪುಟವೇ ಅಲ್ಲ.

ಅಳತೆ ಓದುಗರ ಕಡೆಯಿಂದ ಆಗಬೇಕು. ಕಡಿಮೆ ಬೆಲೆಯ ಮೊಬೈಲ್, ವೈಫೈ ಬಿಟ್ಟು ಮೊಬೈಲ್ ಡೇಟಾ, ಖಾಸಗಿ ವಿಂಡೋ. ಸಾದಲಿಯಂಥ ಹೋಬಳಿ ಕೇಂದ್ರದಲ್ಲಿ ನಿಂತು ಹೀಗೆ ಒಮ್ಮೆ ತೆರೆದು ನೋಡಿದರೆ ನಿಜ ಸ್ಥಿತಿ ತಿಳಿಯುತ್ತದೆ.

ನೋಡಬೇಕಾದ ಮೂರು ಅಂಕಿ

ಗೂಗಲ್ ಬಳಸುವ ಮೂರು ಅಳತೆಗಳು ಈಗ ಎಲ್ಲೆಡೆ ರೂಢಿಯಲ್ಲಿವೆ.

- ಎಲ್‌ಸಿಪಿ: ಪುಟದ ಅತಿ ದೊಡ್ಡ ಭಾಗ, ಸಾಮಾನ್ಯವಾಗಿ ಮುಖ್ಯ ಫೋಟೊ ಇಲ್ಲವೇ ತಲೆಬರಹ, ಕಾಣಿಸಲು ಹಿಡಿಯುವ ಸಮಯ. 2.5 ಸೆಕೆಂಡಿನೊಳಗೆ ಇದ್ದರೆ ಒಳ್ಳೆಯದು.
- ಐಎನ್‌ಪಿ: ಬೆರಳಿಟ್ಟ ಮೇಲೆ ಪುಟ ಸ್ಪಂದಿಸಲು ಹಿಡಿಯುವ ಸಮಯ. 200 ಮಿಲಿಸೆಕೆಂಡ್ ದಾಟಬಾರದು. 2024ರ ಮಾರ್ಚ್‌ನಲ್ಲಿ ಹಳೆಯ ಎಫ್‌ಐಡಿ ಬದಲಿಗೆ ಇದು ಬಂತು.
- ಸಿಎಲ್‌ಎಸ್: ಓದುತ್ತಿರುವಾಗ ಜಾಹೀರಾತು ಬಂದು ಸಾಲುಗಳು ಕೆಳಗೆ ಜಾರುವ ಪ್ರಮಾಣ. 0.1ರೊಳಗೆ ಇರಬೇಕು.

ಇಲ್ಲಿ ಸರಾಸರಿ ಲೆಕ್ಕವಿಲ್ಲ. 100 ಭೇಟಿಗಳಲ್ಲಿ ಕನಿಷ್ಠ 75 ಈ ಮಿತಿಯೊಳಗೆ ಇರಬೇಕು. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ತಾಣದ ವಿಳಾಸ ಹಾಕಿದರೆ, ಕ್ರೋಮ್ ಬಳಕೆದಾರರ ಹಿಂದಿನ 28 ದಿನಗಳ ಅನುಭವ ಉಚಿತವಾಗಿ ಸಿಗುತ್ತದೆ. ಓದುಗರು ಕಡಿಮೆ ಇರುವ ತಾಣಕ್ಕೆ ಈ ಭಾಗ ಖಾಲಿ ಬರುವುದುಂಟು. ಆಗ ಅದೇ ಪುಟದ ಕೆಳಗಿನ ಪ್ರಯೋಗ ಪರೀಕ್ಷೆಯ ಅಂಕಿಗಳನ್ನು ವಾರಕ್ಕೊಮ್ಮೆ ಬರೆದಿಟ್ಟುಕೊಳ್ಳಬೇಕು.

ವ್ಯವಸ್ಥೆ ಹಾಕುವ ಕ್ರಮ

1. ಹೊರಗಿನ ಕಾವಲು. ಅಪ್‌ಟೈಮ್ ರೋಬೋಟ್‌ನಂಥ ಸೇವೆ ಕೆಲವು ನಿಮಿಷಕ್ಕೊಮ್ಮೆ ತಾಣವನ್ನು ತಟ್ಟಿ ನೋಡಿ, ಬಿದ್ದಿದ್ದರೆ ಸಂದೇಶ ಕಳಿಸುತ್ತದೆ. ಕಾವಲುಗಾರ ತಾಣವಿರುವ ಸರ್ವರ್‌ನಲ್ಲೇ ಇರಬಾರದು. ಸರ್ವರ್ ಬಿದ್ದರೆ ಅವನೂ ಬೀಳುತ್ತಾನೆ. ಮುಖಪುಟದ ಜತೆಗೆ ಒಂದು ಒಳಪುಟವನ್ನೂ, ಪುಟದ ತಳಭಾಗದ ಒಂದು ಪದವನ್ನೂ ಹುಡುಕಲು ಹೇಳಬೇಕು. ಪುಟ ಅರ್ಧಕ್ಕೆ ನಿಂತಿದ್ದರೆ ಆಗ ಗೊತ್ತಾಗುತ್ತದೆ. ಇಲ್ಲಿ ಶೇಕಡಾ 99 ಕೇಳಲು ಚೆಂದ, ಆದರೆ 30 ದಿನಕ್ಕೆ 7 ಗಂಟೆ 12 ನಿಮಿಷ ತಾಣ ಮುಚ್ಚಿತ್ತು ಅಂತ ಅರ್ಥ. ಶೇಕಡಾ 99.9 ಆದರೆ ಸುಮಾರು 43 ನಿಮಿಷ.

2. ಒಳಗಿನ ತಪಾಸಣೆ. ವರ್ಡ್‌ಪ್ರೆಸ್‌ನಲ್ಲಿ 2019ರಿಂದ ಸೈಟ್ ಹೆಲ್ತ್ ಎಂಬ ಪುಟ ಇದೆ. ಪಿಎಚ್‌ಪಿ ಹಳತಾಗಿದೆಯೇ, ಪ್ಲಗಿನ್ ಅಪ್‌ಡೇಟ್ ಬಾಕಿ ಇದೆಯೇ ಎಂಬುದನ್ನು ಅದು ಹೇಳುತ್ತದೆ. ಯಾವ ಪ್ಲಗಿನ್ ಹೊರೆ ಎಂದು ತಿಳಿಯಲು ಕ್ವೆರಿ ಮಾನಿಟರ್ ಎಂಬ ಉಚಿತ ಪ್ಲಗಿನ್ ಸಾಕು.

3. ಡೇಟಾಬೇಸ್ ದಾಖಲೆ. ಮೈಎಸ್‌ಕ್ಯೂಎಲ್‌ನ ನಿಧಾನ ಕ್ವೆರಿ ದಾಖಲೆ ಆನ್ ಮಾಡದೆ ನಡೆಯುವುದಿಲ್ಲ. ಆನ್ ಮಾಡಿದರೂ 10 ಸೆಕೆಂಡ್ ಮೀರಿದ್ದನ್ನಷ್ಟೇ ಬರೆದುಕೊಳ್ಳುತ್ತದೆ. ಅದನ್ನು 1 ಸೆಕೆಂಡಿಗೆ ಇಳಿಸಬೇಕು. ಹಂಚಿಕೆಯ ಹೋಸ್ಟಿಂಗ್ ಆದರೆ ಹೋಸ್ಟಿಂಗ್ ಕಂಪನಿಯವರನ್ನು ಕೇಳಬೇಕಾಗುತ್ತದೆ.

4. ಬದಲಾವಣೆಯ ಡೈರಿ. ಹೊಸ ಥೀಮ್, ಪ್ಲಗಿನ್, ಜಾಹೀರಾತು ಯಾವ ದಿನ ಹಾಕಿದ್ದು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಬೇಕು. ಅಂಕಿ ಕೆಟ್ಟ ದಿನಾಂಕವನ್ನು ಡೈರಿಗೆ ತಾಳೆ ಹಾಕಿದರೆ ಕಾರಣ ಬಹಳ ಸಲ ಅಲ್ಲೇ ಸಿಗುತ್ತದೆ. ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಹೇಳೋಕಾಗಲ್ಲ.

ಕನ್ನಡ ತಾಣಗಳ ವಿಶೇಷ

ಯುನಿಕೋಡ್ ಕನ್ನಡದಲ್ಲಿ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ಸರ್ವರ್‌ನಲ್ಲಿ ಜಿಜಿಪ್‌ನಂಥ ಸಂಕುಚನ ಆನ್ ಇದ್ದರೆ ಈ ಭಾರ ಬಹಳಷ್ಟು ಇಳಿಯುತ್ತದೆ. ಫಾಂಟ್ ಕೂಡ ಹೊರೆಯೇ. ಚಂದ ಕಾಣಲಿ ಎಂದು ಮೂರು ನಾಲ್ಕು ಕನ್ನಡ ಫಾಂಟ್ ಹಾಕುವ ಬದಲು ಒಂದನ್ನೇ ಇಟ್ಟುಕೊಂಡು, ಅದು ಇಳಿಯುವ ತನಕ ಮೊಬೈಲ್‌ನಲ್ಲಿರುವ ಫಾಂಟ್‌ನಲ್ಲೇ ಬರಹ ಕಾಣುವಂತೆ ಮಾಡಬಹುದು.

ಪುಟದ ವಿಳಾಸದ ಕಡೆಗೂ ಗಮನ ಬೇಕು. ವಿಳಾಸದಲ್ಲಿ ಕನ್ನಡದ ಒಂದು ಸಂಕೇತ 9 ಅಕ್ಷರವಾಗಿ ಹಿಗ್ಗುತ್ತದೆ. "ಸಾದಲಿ" ಎಂಬ ಪುಟ್ಟ ಹೆಸರಿನಲ್ಲಿ ದೀರ್ಘ, ಗುಡಿಸು ಸೇರಿ 5 ಸಂಕೇತ, ವಿಳಾಸದಲ್ಲಿ 45 ಅಕ್ಷರ. ವರ್ಡ್‌ಪ್ರೆಸ್ 200 ಅಕ್ಷರಕ್ಕೆ ಕತ್ತರಿಸುವುದರಿಂದ ಸುಮಾರು 22 ಸಂಕೇತದ ನಂತರ ತಲೆಬರಹ ತುಂಡಾಗುತ್ತದೆ. ದಾಖಲೆಗಳಲ್ಲೂ ಬರೀ ಶೇಕಡಾ ಚಿಹ್ನೆಗಳೇ ಕಾಣುತ್ತವೆ, ಯಾವ ಸುದ್ದಿ ಎಂದು ತಿಳಿಯುವುದಿಲ್ಲ. ವಿಳಾಸವನ್ನು ಮಾತ್ರ ಚಿಕ್ಕದಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಲೆಕ್ಕ ಇಡುವುದು ಸುಲಭ.

ಓದುಗರ ದಟ್ಟಣೆಯೋ, ದಾಳಿಯೋ?

ನಿಧಾನವಾದ ಕೂಡಲೇ "ಸರ್ವರ್ ಬ್ಯುಸಿ, ಜನ ಜಾಸ್ತಿ ಬರ್ತಿದ್ದಾರೆ" ಎಂದು ದೊಡ್ಡ ಪ್ಲಾನ್ ಕೊಳ್ಳಲು ಹೋಗಬಾರದು. ಆಸ್ತಿ ನೋಂದಣಿಯ ಕಾವೇರಿ 2.0 ಸಿಎಂಎಸ್ ಅಲ್ಲದಿದ್ದರೂ ಅದರ ಪಾಠ ಇಲ್ಲಿಗೂ ಹೊಂದುತ್ತದೆ. 2025ರ ಜನವರಿಯಲ್ಲಿ ಅದು ಪದೇ ಪದೇ ತೊಡಕಾಗಿ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಜನ ಕಾಯಬೇಕಾಯಿತು. ನಕಲಿ ಖಾತೆಗಳ ಮೂಲಕ ಋಣಭಾರ ಪ್ರಮಾಣಪತ್ರದ ಹುಡುಕಾಟಕ್ಕೆ ರಾಶಿ ರಾಶಿ ಕೋರಿಕೆ ಕಳಿಸಿ ನಡೆಸಿದ ದಾಳಿ ಅದೆಂದು ಆಮೇಲೆ ತಿಳಿದುಬಂತು. ಯಾವ ಪುಟಕ್ಕೆ, ಎಲ್ಲಿಂದ, ಎಷ್ಟು ಕೋರಿಕೆ ಎಂಬ ದಾಖಲೆ ಇದ್ದರೆ ಮಾತ್ರ ಓದುಗರ ದಟ್ಟಣೆಗೂ ದಾಳಿಗೂ ವ್ಯತ್ಯಾಸ ಕಾಣುತ್ತದೆ. ಸಣ್ಣ ತಾಣಗಳಲ್ಲಿ ಲಾಗಿನ್ ಪುಟ ಮತ್ತು ಎಕ್ಸ್‌ಎಂಎಲ್-ಆರ್‌ಪಿಸಿ ಫೈಲ್‌ಗೆ ಬರುವ ಕೋರಿಕೆಗಳನ್ನು ಮೊದಲು ನೋಡಬೇಕು.

ಎಚ್ಚರಿಕೆ

ಕಾವಲೇ ಹೊರೆಯಾಗಬಾರದು. ಕ್ವೆರಿ ಮಾನಿಟರ್‌ನಂಥವನ್ನು ಪರೀಕ್ಷೆ ಮುಗಿದ ಮೇಲೆ ನಿಲ್ಲಿಸಬೇಕು. ಒಂದು ಸಲ ತಪ್ಪಿದ ಕೂಡಲೇ ಸಂದೇಶ ಬರುವಂತೆ ಇಟ್ಟರೆ ನಾಲ್ಕು ದಿನದಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಸತತ ಎರಡು ಮೂರು ಸಲ ತಪ್ಪಿದರೆ ಬರಲಿ, ಅದು ಹೆಸರಿಟ್ಟು ಹೇಳಬಹುದಾದ ಒಬ್ಬರ ಮೊಬೈಲ್‌ಗೆ ಹೋಗಲಿ. ಓದುಗರ ಐಪಿ ವಿಳಾಸ ಇರುವ ದಾಖಲೆಗಳನ್ನು ಬೇಕಾದಷ್ಟು ದಿನ ಮಾತ್ರ ಇಟ್ಟು ಅಳಿಸಬೇಕು.

ದಿನಕ್ಕೊಮ್ಮೆ ಕಾವಲು ಸಂದೇಶ, ವಾರಕ್ಕೊಮ್ಮೆ ಮೂರು ಅಂಕಿ, ತಿಂಗಳಿಗೊಮ್ಮೆ ಡೈರಿ ಮತ್ತು ನಿಧಾನ ಕ್ವೆರಿ. ಒಬ್ಬರೇ ನಡೆಸುವ ತಾಣಕ್ಕೂ ಇಷ್ಟು ಸಾಧ್ಯ, ಇಷ್ಟಾದರೆ ಸಾಕು.