ಕರಿಬೇವಿನ ಗಿಡದ ವೇಷಧಾರಿ

ವಿಕಾಸವಾದದ ಪಾಠದಲ್ಲಿ ನಾನು ನಿಮಗೆ ಇಂಗ್ಲೆಂಡಿನ ಮಸಿಬಣ್ಣದ ಪತಂಗದ ಕಥೆಯನ್ನು ಹೇಳುತ್ತಿದ್ದೆನಷ್ಟೆ. ಅದಕ್ಕಿಂತ ಸೊಗಸಾದ ನಿದರ್ಶನವೊಂದು ಜಾಲ್ಸೂರಿನ ಹಿತ್ತಿಲ ಕರಿಬೇವಿನಲ್ಲೇ ಹುಟ್ಟುತ್ತದೆ.

‘ಕಾಮನ್ ಮಾರ್ಮನ್’ ಚಿಟ್ಟೆಯಲ್ಲಿ ಗಂಡಿಗೆ ಒಂದೇ ರೂಪ, ಹೆಣ್ಣಿಗೆ ಮೂರು. ಒಂದು ಗಂಡನ್ನೇ ಹೋಲುತ್ತದೆ. ಉಳಿದೆರಡು, ಈಶ್ವರಬಳ್ಳಿಯನ್ನು ಮೇದು ಮೈಯೆಲ್ಲ ವಿಷವಾದ, ಹಕ್ಕಿಗಳು ತಿನ್ನಲೊಲ್ಲದ ‘ರೋಸ್’ ಚಿಟ್ಟೆಗಳ ವೇಷ ಧರಿಸುತ್ತವೆ. ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಕಟ್ಟಿದರೆ, ಇಲ್ಲಿ ವೇಷಧಾರಿ ಹೆಣ್ಣೇ!

ಈ ಮೂರೂ ಒಂದೇ ಪ್ರಭೇದದ ಹೆಣ್ಣುಗಳೆಂದು 1865ರ ಪ್ರಬಂಧದಲ್ಲಿ ವಿವರಿಸಿದವನು ಡಾರ್ವಿನ್ನನ ಸಮಕಾಲೀನ ವ್ಯಾಲೇಸ್. ಗಂಡು-ಹೆಣ್ಣಿನ ಭೇದವನ್ನು ರೂಪಿಸುವ ‘ಡಬಲ್‌ಸೆಕ್ಸ್’ ಎಂಬ ಜೀನೇ ಈ ವೇಷದ ಸೂತ್ರಧಾರನೆಂದು 2014ರಲ್ಲಿ ತೋರಿಸಿದವರು ಬೆಂಗಳೂರಿನ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು.

ಅಸಲಿ ಚಿಟ್ಟೆಯಿಲ್ಲದೆಡೆ ಈ ವೇಷಕ್ಕೆ ಹಕ್ಕಿ ಹೆದರದು. ರಬ್ಬರು ಹಾಕುವಾಗ ಬೇಲಿಯ ಈಶ್ವರಬಳ್ಳಿಯನ್ನು ದಯವಿಟ್ಟು ಕಡಿಯಬೇಡಿ.